ಹುಲ್ಲುಹಾಸಿನ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಅರಸರೂ ಕಾಳಗಗಳೂ ಕೋಟೆಕೊತ್ತಲಗಳೂ ಸುಳಿಯುವುದು ಸಹಜ. ಆದರೆ ನಾವು ನಿತ್ಯವೂ ತುಳಿದು ನಡೆಯುವ ಹುಲ್ಲಿಗೂ ಒಂದು ಚರಿತ್ರೆಯುಂಟು. ಅದನ್ನು ಯಾರು ಬೆಳೆಸಿದರು, ಯಾವ ದನಕುರಿಗಳು ಮೇಯ್ದವು, ಯಾರು ಕತ್ತರಿಸಿದರು, ಎಷ್ಟು ದಿನಕ್ಕೊಮ್ಮೆ ಕತ್ತರಿಸಿದರು ಎಂದು ಕೇಳುತ್ತ ಹೋದರೆ ಸಿರಿವಂತರ ವೈಭವ, ಕುಶಲಕರ್ಮಿಗಳ ಬುದ್ಧಿ, ಯಂತ್ರಗಳ ಆಗಮನ, ನಗರಗಳ ಬೆಳವಣಿಗೆ, ನೆರೆಹೊರೆಯವರ ಕಟ್ಟುಪಾಡು ಇವೆಲ್ಲವೂ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಈ ಪ್ರಶ್ನೆಗಳಲ್ಲಿ ಕೊನೆಯದು, ‘ಎಷ್ಟು ದಿನಕ್ಕೊಮ್ಮೆ?’ ಎಂಬುದು, ಮೇಲುನೋಟಕ್ಕೆ ತೋಟದ ಮಾಲಿಯೊಬ್ಬನಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಪಟ್ಟಣದ ಹುಲ್ಲಿನ ನಡುವೆ ಎಷ್ಟು ಬಗೆಯ ಗಿಡಗಳು, ಜೇನ್ನೊಣಗಳು, ಚಿಟ್ಟೆಗಳು ಬಾಳಬಲ್ಲವೆಂಬುದು ಬಹುಮಟ್ಟಿಗೆ ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಇಂಗ್ಲೆಂಡಿನಲ್ಲಿ ರೂಪುಗೊಂಡು ಅಮೆರಿಕದಲ್ಲಿ ಹಬ್ಬಿದ ಹುಲ್ಲುಹಾಸಿನ ಕಥೆಯನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕುರಿಯ ಕಾಲ, ಕುಡುಗೋಲಿನ ಕಾಲ

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯು ವರ್ಸೇಲ್ಸಿನಲ್ಲಿ ತನ್ನ ಅರಮನೆಯ ಉದ್ಯಾನವನ್ನು ನಿರ್ಮಿಸಿದಾಗ ಅದರ ನಡುವೆ ನೀಳವಾದ ಹುಲ್ಲಿನ ಪಟ್ಟಿಯೊಂದನ್ನು ಬೆಳೆಸಲಾಯಿತು. ಅದಕ್ಕೆ ‘ಹಸಿರು ಜಮಖಾನೆ’ ಎಂಬರ್ಥದ ಹೆಸರೂ ಬಂದಿತು. ಹುಲ್ಲನ್ನು ಹಾಸಿಗೆಯಂತೆ, ಜಮಖಾನೆಯಂತೆ ಕಾಣುವ ದೃಷ್ಟಿ ಆ ಹೆಸರಿನಲ್ಲಿಯೇ ಇದೆ. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಉದ್ಯಾನಶಿಲ್ಪಿ ಲಾನ್ಸಲಾಟ್ ಬ್ರೌನ್ (೧೭೧೬-೧೭೮೩) ಎಂಬಾತನು ಶ್ರೀಮಂತರ ಬಂಗಲೆಗಳ ಸುತ್ತಲಿದ್ದ ಹೂವಿನ ಮಡಿಗಳನ್ನು ತೆಗೆದುಹಾಕಿ, ಬಾಗಿಲ ಹೊಸ್ತಿಲವರೆಗೂ ಹುಲ್ಲು ಹರಿದುಬರುವಂತೆ ಬಯಲುಗಳನ್ನು ರಚಿಸಿದನು. ಕಿಟಕಿಯಲ್ಲಿ ನಿಂತು ನೋಡಿದರೆ ಹುಲ್ಲು ದಿಗಂತದವರೆಗೆ ಅಖಂಡವಾಗಿ ಕಾಣಬೇಕು, ಆದರೆ ಕುರಿಗಳು ಬಾಗಿಲಿಗೆ ಬರಕೂಡದು. ಇದಕ್ಕಾಗಿ ದೂರದಿಂದ ಕಣ್ಣಿಗೆ ಬೀಳದ ಹಾಗೆ ಆಳವಾದ ಕಂದಕವನ್ನು ತೋಡಿ, ಅದರ ಒಳಮಗ್ಗುಲಿಗೆ ಗೋಡೆ ಕಟ್ಟುತ್ತಿದ್ದರು.

ಕಂದಕದ ಆಚೆಯ ಹುಲ್ಲನ್ನು ಕುರಿಗಳೂ ಜಿಂಕೆಗಳೂ ಮೇಯುತ್ತಿದ್ದವು. ಈಚೆಯ ಹುಲ್ಲನ್ನು ಉದ್ದ ಹಿಡಿಯ ದೊಡ್ಡ ಕುಡುಗೋಲನ್ನು ಬೀಸಿ ಆಳುಗಳು ಸವರಬೇಕಾಗಿತ್ತು. ಒಣಗಿದ ಹುಲ್ಲು ಅಲಗಿಗೆ ಬಾಗಿ ತಪ್ಪಿಸಿಕೊಳ್ಳುತ್ತದೆ, ಇಬ್ಬನಿಯಿಂದ ತೊಯ್ದ ಹುಲ್ಲು ಚೆನ್ನಾಗಿ ಕೊಯ್ದುಬರುತ್ತದೆ. ಆದಕಾರಣ ಆಳುಗಳು ನಸುಕಿನಲ್ಲಿಯೇ ಎದ್ದು ಸಾಲಾಗಿ ನಿಂತು ಈ ಕೆಲಸ ಮಾಡುತ್ತಿದ್ದರು. ಅವರ ಹಿಂದೆ ಪೊರಕೆ ಹಿಡಿದವರು ಕತ್ತರಿಸಿದ ಹುಲ್ಲನ್ನು ಗುಡಿಸುತ್ತಿದ್ದರು. ಅಕ್ಕಿಯನ್ನಾಗಲಿ ಗೋದಿಯನ್ನಾಗಲಿ ಕೊಡದ ನೆಲಕ್ಕೆ ಇಷ್ಟು ಮಂದಿ ಆಳುಗಳನ್ನು ಇಡಬಲ್ಲವನು ಸಿರಿವಂತನೇ ಆಗಿರಬೇಕು. ಹೀಗಾಗಿ ನುಣುಪಾದ ಹುಲ್ಲುಹಾಸು ಸಿರಿಯ ಸಂಕೇತವಾಯಿತು.

ಇದೇ ಕಾಲದಲ್ಲಿ ರೈತರ ಹುಲ್ಲುಗಾವಲುಗಳ ಕ್ರಮವೇ ಬೇರೆಯಾಗಿತ್ತು. ಚಳಿಗಾಲಕ್ಕೆ ದನಗಳಿಗೆ ಮೇವು ಬೇಕಲ್ಲವೇ? ಅದಕ್ಕಾಗಿ ವಸಂತದಿಂದ ಹುಲ್ಲನ್ನು ಬೆಳೆಯಲು ಬಿಟ್ಟು, ನಡುಬೇಸಗೆಯಲ್ಲಿ ಒಮ್ಮೆ ಕೊಯ್ದು ಒಣಗಿಸಿ ಬಣವೆ ಒಟ್ಟುತ್ತಿದ್ದರು. ಆಮೇಲೆ ಚಿಗುರಿದ ಕೂಳೆಗೆ ದನಗಳನ್ನು ಬಿಡುತ್ತಿದ್ದರು. ಕೊಯ್ಲಿನ ಹೊತ್ತಿಗೆ ಹುಲ್ಲಿನ ನಡುವಿನ ಎಷ್ಟೋ ಹೂಗಿಡಗಳು ಅರಳಿ, ಬೀಜಕಟ್ಟಿ, ಉದುರಿಸಿಯೂ ಆಗಿರುತ್ತಿತ್ತು. ವರ್ಷಕ್ಕೊಮ್ಮೆ ಬೀಳುವ ಕುಡುಗೋಲಿಗೆ ಆ ಗಿಡಗಳು ನೂರಾರು ವರ್ಷಗಳಿಂದ ಹೊಂದಿಕೊಂಡಿದ್ದವು.

ಹುಲ್ಲಿನ ಗುಟ್ಟು

ಕತ್ತರಿಸಿದರೂ ಹುಲ್ಲು ಸಾಯದೆ ಮತ್ತೆ ಬೆಳೆಯುವುದೇಕೆಂದು ನಮ್ಮ ವಿದ್ಯಾರ್ಥಿಗಳು ಕೇಳಬಹುದು. ಉತ್ತರ ಅವರ ಕಾಲ ಬುಡದಲ್ಲಿಯೇ ಇದೆ. ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ ನೋಡಿರಿ. ಹೆಚ್ಚಿನ ಗಿಡಗಳಲ್ಲಿ ಬೆಳವಣಿಗೆಯ ಮೊಗ್ಗು ಕುಡಿಯಲ್ಲಿರುತ್ತದೆ. ಕುಡಿ ಚಿವುಟಿದರೆ ಆ ಕೊಂಬೆಯ ಓಟ ನಿಲ್ಲುತ್ತದೆ. ಹುಲ್ಲಿನಲ್ಲಿ ಬೆಳವಣಿಗೆಯ ಮೂಲ ಬುಡದಲ್ಲಿ, ನೆಲಕ್ಕೆ ತಾಗಿಕೊಂಡು ಇರುತ್ತದೆ. ಕುರಿಯ ಹಲ್ಲಾಗಲಿ ಕುಡುಗೋಲಿನ ಅಲಗಾಗಲಿ ಅದನ್ನು ಮುಟ್ಟುವುದಿಲ್ಲ. ಮೇಲಿನ ಗರಿ ಹೋದರೆ ಕೆಳಗಿನಿಂದ ಹೊಸ ಗರಿ ನೂಕಿಕೊಂಡು ಬರುತ್ತದೆ. ಅಮೆರಿಕದ ದಕ್ಷಿಣ ಭಾಗದ ಮನೆಗಳ ಮುಂದೆ ‘ಬರ್ಮುಡಾ ಹುಲ್ಲು’ ಎಂಬ ಹೆಸರಿನಿಂದ ಬೆಳೆಸುವ ಹುಲ್ಲು ನಮ್ಮ ಈ ಗರಿಕೆಯೇ.

ಕತ್ತರಿಗೆ ಬಗ್ಗದ ಇನ್ನು ಕೆಲವು ಸಸ್ಯಗಳೂ ಇವೆ. ಡೇಸಿ, ಡ್ಯಾಂಡಿಲಯನ್ ಮೊದಲಾದವುಗಳ ಎಲೆಗಳು ಚಕ್ರಾಕಾರವಾಗಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಅಲಗು ಅವುಗಳ ಮೇಲೆಯೇ ಹಾದುಹೋಗುತ್ತದೆ. ಬಿಳಿಯ ಕ್ಲೋವರ್ ಬಳ್ಳಿಯಂತೆ ನೆಲದ ಮೇಲೆ ಹರಿಯುತ್ತದೆ. ಆದರೆ ಇವುಗಳ ಹೂವು ಮಾತ್ರ ಮೇಲೆ ತಲೆಯೆತ್ತಲೇಬೇಕು. ಎರಡು ಕತ್ತರಿಕೆಗಳ ನಡುವಿನ ಅಂತರ ಹೂ ಅರಳುವಷ್ಟು ದೀರ್ಘವಾಗಿದ್ದರೆ ಜೇನ್ನೊಣಕ್ಕೆ ಆಹಾರ ದೊರೆಯುತ್ತದೆ. ಅಷ್ಟು ದೀರ್ಘವಾಗಿಲ್ಲದಿದ್ದರೆ ಗಿಡ ಬದುಕಿದ್ದರೂ ಜೇನ್ನೊಣದ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಹಾಗಾದರೆ ಕತ್ತರಿಸುವುದನ್ನೇ ನಿಲ್ಲಿಸಿಬಿಟ್ಟರೆ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಚಾರ್ಲ್ಸ್ ಡಾರ್ವಿನ್ನನು ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ೧೮೫೯ರಲ್ಲಿ ಪ್ರಕಟವಾದ ಜೀವಜಾತಿಗಳ ಉಗಮವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆತನು ಒಂದು ಪುಟ್ಟ ಪ್ರಯೋಗವನ್ನು ಹೇಳುತ್ತಾನೆ. ಬಹುಕಾಲದಿಂದ ಕತ್ತರಿಸುತ್ತ ಬಂದಿದ್ದ ಹುಲ್ಲಿನ ನೆಲದಲ್ಲಿ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ತುಣುಕೊಂದನ್ನು ಕತ್ತರಿಸದೆ ಬೆಳೆಯಲು ಬಿಟ್ಟನು. ಆ ತುಣುಕಿನಲ್ಲಿ ಇಪ್ಪತ್ತು ಜಾತಿಯ ಸಸ್ಯಗಳಿದ್ದವು. ಬಲಿಷ್ಠವಾದವು ಎತ್ತರಕ್ಕೆ ಬೆಳೆದು ಬೆಳಕನ್ನು ಮರೆಮಾಡಲು, ಒಂಬತ್ತು ಜಾತಿಗಳು ಅಳಿದುಹೋದವು. ಕುರಿಯ ಹಲ್ಲು, ಕುಡುಗೋಲು ಇವು ಬಲವಂತನ ತಲೆಯನ್ನು ತಗ್ಗಿಸಿ ದುರ್ಬಲನಿಗೂ ಬಿಸಿಲಿನಲ್ಲಿ ಪಾಲು ಕೊಡಿಸುತ್ತವೆ. ಕತ್ತರಿಸುವುದೇ ಕೇಡೆಂದು ಹೇಳುವಂತಿಲ್ಲ, ಕತ್ತರಿಸದಿರುವುದೇ ಪುಣ್ಯವೆಂದೂ ಹೇಳುವಂತಿಲ್ಲ. ತೀರ್ಮಾನ ಅಡಗಿರುವುದು ಎರಡು ಕತ್ತರಿಕೆಗಳ ನಡುವಿನ ಬಿಡುವಿನಲ್ಲಿ.

ಬಟ್ಟೆಯ ಯಂತ್ರ ಹುಲ್ಲಿಗೆ ಬಂದುದು

ಈ ಬಿಡುವನ್ನು ಕಿರಿದುಗೊಳಿಸಿದವನು ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಸ್ಟ್ರೌಡ್ ಪಟ್ಟಣದ ಸುತ್ತಮುತ್ತ ಉಣ್ಣೆಬಟ್ಟೆಯ ಗಿರಣಿಗಳಿದ್ದವು. ನೇಯ್ದ ಉಣ್ಣೆಯ ಮೇಲೆ ಎದ್ದು ನಿಲ್ಲುವ ಜುಂಗನ್ನು ಸಮವಾಗಿ ಕತ್ತರಿಸಲು ಅಲ್ಲಿ ಉರುಳೆಗೆ ಸುರುಳಿಯಾಗಿ ಅಲಗುಗಳನ್ನು ಜೋಡಿಸಿದ ಯಂತ್ರವೊಂದು ಬಳಕೆಯಲ್ಲಿತ್ತು. ಬಟ್ಟೆಯ ಜುಂಗನ್ನು ಸವರುವ ಯಂತ್ರ ನೆಲದ ಜುಂಗನ್ನೇಕೆ ಸವರಬಾರದು ಎಂದು ಬಡ್ಡಿಂಗನಿಗೆ ಹೊಳೆಯಿತು. ೧೮೩೦ರಲ್ಲಿ ಅವನು ತನ್ನ ಯಂತ್ರಕ್ಕೆ ಪೇಟೆಂಟು ಪಡೆದನು. ಜಾನ್ ಫೆರಾಬೀ ಎಂಬವನ ಎರಕದ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಮೊದಮೊದಲ ಯಂತ್ರಗಳಲ್ಲೊಂದು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯಕ್ಕೆ ಹೋಯಿತು. ಕುಡುಗೋಲು ಪೊರಕೆಗಳನ್ನು ಹಿಡಿದ ಆರೆಂಟು ಆಳುಗಳ ಕೆಲಸವನ್ನು ಅದೊಂದೇ ಮಾಡುತ್ತದೆಂದು ಅಲ್ಲಿನ ಮೇಸ್ತ್ರಿ ಮೆಚ್ಚಿಕೊಂಡನು.

ಆ ಬಳಿಕ ಸುಧಾರಣೆಗಳು ಒಂದರ ಮೇಲೊಂದು ಬಂದವು. ೧೮೪೨ರಲ್ಲಿ ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಷ್ಯಾಂಕ್ಸ್ ಎಂಬವನು ತಟ್ಟುಕುದುರೆಯಿಂದ ಎಳೆಯಿಸುವ ಯಂತ್ರವನ್ನು ಮಾಡಿದನು. ಗೊರಸಿನ ಗುರುತು ಹುಲ್ಲಿನ ಮೇಲೆ ಮೂಡಬಾರದೆಂದು ಕುದುರೆಗಳ ಕಾಲಿಗೆ ಚರ್ಮದ ಪಾದರಕ್ಷೆ ತೊಡಿಸುವ ಪದ್ಧತಿಯೂ ಹುಟ್ಟಿತು! ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಗಿಯಂತ್ರ, ೧೯೦೨ರ ಹೊತ್ತಿಗೆ ಪೆಟ್ರೋಲಿನ ಯಂತ್ರ ಬಂದವು. ಈ ನಡುವೆ ಹುಲ್ಲಿನ ಮೇಲಿನ ಆಟಗಳು ಜನಪ್ರಿಯವಾದವು. ಕ್ರಿಕೆಟ್ಟು ಮೊದಲೇ ಇತ್ತು. ೧೮೭೭ರಲ್ಲಿ ವಿಂಬಲ್ಡನ್ನಿನ ಮೊದಲ ಟೆನಿಸ್ ಪಂದ್ಯಾವಳಿ ನಡೆಯಿತು. ಚೆಂಡು ಸರಾಗವಾಗಿ ಪುಟಿಯಬೇಕಾದರೆ ಹುಲ್ಲು ಕೂದಲಿನಷ್ಟು ಮೋಟಾಗಿರಬೇಕು. ಅಂಥ ಹುಲ್ಲಿಗೆ ಅಲ್ಲಿ ನ್ಯಾಯವಾದ ಕಾರಣವಿತ್ತು. ಆದರೆ ಯಾರೂ ಚೆಂಡಾಡದ ಅಂಗಳಕ್ಕೂ ಅದೇ ಅಳತೆ ಬಂದು ಕುಳಿತದ್ದು ಚರಿತ್ರೆಯ ಸೋಜಿಗ.

ಯಂತ್ರದಿಂದಾದ ಒಂದು ಉಪಕಾರವನ್ನು ಮರೆಯಬಾರದು. ಹಿಂದೆ ಆಳುಗಳ ಪಡೆಯಿದ್ದ ಧಣಿಗೆ ಮಾತ್ರ ಸಾಧ್ಯವಾಗಿದ್ದುದು ಈಗ ಗುಮಾಸ್ತನಿಗೂ ಅಂಗಡಿಯವನಿಗೂ ಸಾಧ್ಯವಾಯಿತು. ಆದರೆ ಕೆಲಸ ಸುಲಭವಾದಷ್ಟೂ ಅದನ್ನು ಮತ್ತೆ ಮತ್ತೆ ಮಾಡುವುದು ವಾಡಿಕೆಯಾಯಿತು.

ವಾರಕ್ಕೊಮ್ಮೆ ಎಂಬ ಕಟ್ಟಳೆ

ಅಮೆರಿಕದಲ್ಲಿ ಈ ವಾಡಿಕೆ ನೀತಿಯ ರೂಪವನ್ನು ತಾಳಿತು. ೧೮೭೦ರಲ್ಲಿ ಫ್ರ್ಯಾಂಕ್ ಸ್ಕಾಟ್ ಎಂಬವನು ಪಟ್ಟಣದ ಹೊರವಲಯದ ಮನೆಗಳ ಅಂಗಳವನ್ನು ಅಂದಗೊಳಿಸುವುದನ್ನು ಕುರಿತು ಪುಸ್ತಕ ಬರೆದು, ಒತ್ತಾಗಿ ಕತ್ತರಿಸಿದ ಹುಲ್ಲೇ ಮನೆಯ ಸೊಬಗಿಗೆ ಮೂಲವೆಂದು ಸಾರಿದನು. ನಡುವೆ ಒಮ್ಮೆ ಹಳೆಯ ಕಾಲ ಇಣುಕಿ ಹೋದದ್ದೂ ಉಂಟು. ಮೊದಲನೆಯ ಮಹಾಯುದ್ಧದಲ್ಲಿ ಆಳುಗಳ ಉಳಿತಾಯಕ್ಕೆಂದು ೧೯೧೮ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ತಮ್ಮ ಶ್ವೇತಭವನದ ಅಂಗಳದಲ್ಲಿ ಕುರಿಗಳನ್ನು ಮೇಯಿಸಿದರು. ಅವುಗಳ ಉಣ್ಣೆಯ ಹರಾಜಿನಿಂದ ಐವತ್ತು ಸಾವಿರ ಡಾಲರಿಗೂ ಮಿಕ್ಕಿ ಹಣ ಬಂದು ರೆಡ್‌ಕ್ರಾಸ್ ಸಂಸ್ಥೆಗೆ ಸಂದಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಸೈನಿಕರ ಕುಟುಂಬಗಳಿಗಾಗಿ ನ್ಯೂಯಾರ್ಕಿನ ಬಳಿ ಲೆವಿಟೌನ್ ಎಂಬ ಹೊಸ ಊರು ತಲೆಯೆತ್ತಿತು. ೧೯೪೭ರಿಂದ ೧೯೫೧ರೊಳಗೆ ಅಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಪ್ರತಿಯೊಂದು ಮನೆಯ ಮುಂದೆಯೂ ಹುಲ್ಲುಹಾಸು. ಮನೆ ಕೊಳ್ಳುವವರ ಕರಾರಿನಲ್ಲಿ, ಏಪ್ರಿಲ್ ನಡುವಿನಿಂದ ನವೆಂಬರ್ ನಡುವಿನವರೆಗೆ ವಾರಕ್ಕೊಮ್ಮೆ ಹುಲ್ಲು ಕತ್ತರಿಸತಕ್ಕದ್ದು ಎಂಬ ಷರತ್ತು ಸೇರಿತ್ತು. ಇಂಗ್ಲಿಷ್ ರೈತನು ವರ್ಷಕ್ಕೊಮ್ಮೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೂವತ್ತು ಬಾರಿ ಮಾಡಬೇಕಾಯಿತು. ‘ಎಷ್ಟು ದಿನಕ್ಕೊಮ್ಮೆ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಹುಲ್ಲಿನಿಂದಲೂ ಋತುಮಾನದಿಂದಲೂ ಕೈಬಿಟ್ಟು ಕಾಗದದ ಕರಾರಿಗೆ ಹೋಯಿತು.

ಅದೇ ಸುಮಾರಿಗೆ, ೧೯೪೫ರಲ್ಲಿ, ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲನ್ನು ಮಾತ್ರ ಉಳಿಸುವ ‘೨,೪-ಡಿ’ ಎಂಬ ಕಳೆನಾಶಕ ಪೇಟೆಗೆ ಬಂದಿತು. ಅದುವರೆಗೆ ಹುಲ್ಲಿನ ಬೀಜದ ಜೊತೆಗೆ ಕ್ಲೋವರ್ ಬೀಜವನ್ನು ಬೆರೆಸಿಯೇ ಮಾರುತ್ತಿದ್ದರು. ಅದು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸಿ ಹುಲ್ಲಿಗೆ ಗೊಬ್ಬರ ಒದಗಿಸುವ ಮಿತ್ರನಾಗಿತ್ತು. ಹೊಸ ಔಷಧಿ ಕ್ಲೋವರನ್ನೂ ಕೊಲ್ಲುವಂಥದಾದ್ದರಿಂದ ಮಿತ್ರನನ್ನೇ ಕಳೆಯೆಂದು ಕರೆಯಲಾಯಿತು. ವಾರದ ಕತ್ತರಿಯಿಂದ ಹೂವು ಹೋಯಿತು. ಔಷಧಿಯಿಂದ ಗಿಡವೇ ಹೋಯಿತು.

ಇದು ಎಷ್ಟು ನೆಲದ ಮಾತೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಪಗ್ರಹಚಿತ್ರಗಳ ನೆರವಿನಿಂದ ಅಮೆರಿಕದ ಹುಲ್ಲುಹಾಸುಗಳ ಒಟ್ಟು ವಿಸ್ತಾರವನ್ನು ಸುಮಾರು ೧,೬೩,೮೦೦ ಚದರ ಕಿಲೋಮೀಟರ್ ಎಂದು ಅಂದಾಜು ಮಾಡಿತು. ಕರ್ನಾಟಕ ರಾಜ್ಯದ ವಿಸ್ತೀರ್ಣ ೧,೯೧,೭೯೧ ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗಿನ ನಾಡಿನ ಆರು ಭಾಗಗಳಲ್ಲಿ ಐದು ಭಾಗ ಬರಿಯ ಮೋಟು ಹುಲ್ಲೆಂದು ಊಹಿಸಿಕೊಂಡರೆ ಅದರ ಅಗಾಧತೆ ಮನಸ್ಸಿಗೆ ಬಂದೀತು.

ಇತ್ತ ಹಳ್ಳಿಯ ಹೂವಿನ ಹುಲ್ಲುಗಾವಲಾದರೂ ಉಳಿದಿತ್ತೇ? ಇಂಗ್ಲೆಂಡು ಮತ್ತು ವೇಲ್ಸ್ ನಾಡುಗಳಲ್ಲಿ ೧೯೩೦ರ ದಶಕದಿಂದ ೧೯೮೪ರೊಳಗೆ ಅಂಥ ಹುಲ್ಲುಗಾವಲುಗಳ ನೂರಕ್ಕೆ ತೊಂಬತ್ತೇಳು ಪಾಲು ನೇಗಿಲಿಗೂ ರಾಸಾಯನಿಕ ಗೊಬ್ಬರಕ್ಕೂ ಬಲಿಯಾಯಿತು. ಗೊಬ್ಬರವೂ ಹೂವಿಗೆ ಶತ್ರುವೇ ಎಂದು ಆಶ್ಚರ್ಯವಾಗಬಹುದು. ಇಂಗ್ಲೆಂಡಿನ ರಾಥಂಸ್ಟೆಡ್ ಸಂಶೋಧನಾಕ್ಷೇತ್ರದಲ್ಲಿ ೧೮೫೬ರಲ್ಲಿ ಆರಂಭವಾದ ಹುಲ್ಲಿನ ಪ್ರಯೋಗವೊಂದು ಇಂದಿಗೂ ನಡೆಯುತ್ತಿದೆ. ವರ್ಷಕ್ಕೆ ಎರಡು ಬಾರಿ ಮಾತ್ರ ಕೊಯ್ಯುವ ಆ ನೆಲದಲ್ಲಿ ಗೊಬ್ಬರ ಕಾಣದ ಪಟ್ಟೆಗಳಲ್ಲಿ ಮೂವತ್ತೈದಕ್ಕೂ ಹೆಚ್ಚು ಜಾತಿಯ ಸಸ್ಯಗಳು ಬಾಳುತ್ತಿವೆ. ಅಮೋನಿಯದ ಗೊಬ್ಬರವನ್ನು ವಿಪುಲವಾಗಿ ಪಡೆದು ಸುಣ್ಣ ಕಾಣದ ಪಟ್ಟೆಗಳಲ್ಲಿ ಒಂದೆರಡು ಜಾತಿಯ ಹುಲ್ಲುಗಳಷ್ಟೇ ಮೆರೆಯುತ್ತಿವೆ. ಹಳ್ಳಿಯಲ್ಲಿ ನೆಲೆ ಕಳೆದುಕೊಂಡ ಜೀವಿಗಳಿಗೆ ಪಟ್ಟಣದ ಹುಲ್ಲಾದರೂ ಆಸರೆಯಾದೀತೇ ಎಂಬ ಪ್ರಶ್ನೆಗೆ ಈ ಕಾರಣದಿಂದಲೇ ಇಷ್ಟು ತೂಕ ಬಂದಿತು.

ಎಣಿಸಿ ನೋಡಿದವರು

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಸುಸಾನಾ ಲರ್ಮನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ೨೦೧೩, ೨೦೧೪ರ ಎರಡು ಬೇಸಗೆಗಳಲ್ಲಿ ಹದಿನಾರು ಮನೆಗಳ ಅಂಗಳಗಳನ್ನು ಆರಿಸಿಕೊಂಡರು. ಕೆಲವು ಅಂಗಳಗಳನ್ನು ವಾರಕ್ಕೊಮ್ಮೆ, ಕೆಲವನ್ನು ಎರಡು ವಾರಕ್ಕೊಮ್ಮೆ, ಉಳಿದವನ್ನು ಮೂರು ವಾರಕ್ಕೊಮ್ಮೆ ಕತ್ತರಿಸಿದರು. ಒಟ್ಟು ೪,೫೮೭ ಜೇನ್ನೊಣಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ ೯೩ ಜಾತಿಗಳಿದ್ದವು. ಇವುಗಳಲ್ಲಿ ಬಹುಪಾಲು ಗೂಡು ಕಟ್ಟಿ ಜೇನು ಕೂಡಿಡುವ ಜಾತಿಯವಲ್ಲ, ಅಲ್ಲಿಯ ಕಾಡುಜಾತಿಯವು. ಮನೆಯವರು ಕಳೆಯೆಂದು ಹಳಿಯುವ ಡ್ಯಾಂಡಿಲಯನ್, ಕ್ಲೋವರ್ ಹೂಗಳೇ ಅವುಗಳಿಗೆ ಅನ್ನಛತ್ರವಾಗಿದ್ದವು. ಮೂರು ವಾರ ಬಿಟ್ಟ ಅಂಗಳಗಳಲ್ಲಿ ಎರಡೂವರೆ ಪಟ್ಟಿನವರೆಗೂ ಹೆಚ್ಚು ಹೂಗಳು ಅರಳಿದವು.

ಹೂ ಹೆಚ್ಚಿದಲ್ಲಿ ನೊಣವೂ ಹೆಚ್ಚಬೇಕೆಂದು ಯಾರಾದರೂ ಹೇಳಿಯಾರು. ಆದರೆ ಅತ್ಯಂತ ಹೆಚ್ಚು ಜೇನ್ನೊಣಗಳು ಕಂಡದ್ದು ಎರಡು ವಾರಕ್ಕೊಮ್ಮೆ ಕತ್ತರಿಸಿದ ಅಂಗಳಗಳಲ್ಲಿ. ಮೂರು ವಾರದ ಹುಲ್ಲು ಎತ್ತರವಾಗಿ ಹೂಗಳನ್ನು ಮರೆಮಾಡಿದ್ದೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. ಮತ್ತೊಂದು ವಿಶೇಷವುಂಟು. ಎರಡು ವಾರದ ಅಂಗಳಗಳಲ್ಲಿ ಸಂಖ್ಯೆ ಹೆಚ್ಚಿದ್ದರೂ ಜಾತಿಗಳ ವೈವಿಧ್ಯ ಕಡಮೆಯಿತ್ತು. ಕೆಲವೇ ಜಾತಿಗಳು ಗುಂಪುಗುಂಪಾಗಿ ಬಂದಿದ್ದವು. ‘ಎಷ್ಟು’ ಎಂಬುದೂ ‘ಎಷ್ಟು ಬಗೆ’ ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ನಮ್ಮ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಜನಗಣತಿಯಲ್ಲಿ ತಲೆಯೆಣಿಕೆ ಒಂದು, ಭಾಷೆಗಳ ಎಣಿಕೆ ಇನ್ನೊಂದು ಅಲ್ಲವೇ? ಗಡಿನಾಡಿನಲ್ಲಿರುವ ನಮಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

೨೦೨೦ರಲ್ಲಿ ಕೆನಡಾದ ಕ್ರಿಸ್ ವಾಟ್ಸನ್ ಮತ್ತು ಸಂಗಡಿಗರು ಯೂರೋಪು, ಉತ್ತರ ಅಮೆರಿಕಗಳಲ್ಲಿ ಬೇರೆ ಬೇರೆ ಜನ ನಡೆಸಿದ್ದ ಇಂಥ ಪ್ರಯೋಗಗಳ ಫಲಿತಾಂಶಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದರು. ಹೆಚ್ಚು ಬಾರಿ ಕತ್ತರಿಸಿದಲ್ಲಿ ಸಸ್ಯಗಳ ವೈವಿಧ್ಯವೂ ಕೀಟಗಳ ವೈವಿಧ್ಯವೂ ಕುಂದುತ್ತವೆಂದೂ, ಹುಲ್ಲಿನ ಬೇರು ತಿನ್ನುವ ಪೀಡೆಗಳೂ ಪರಾಗದಿಂದ ಉಬ್ಬಸ ತರುವ ಕಳೆಯೂ ಅಲ್ಲಿಯೇ ಹೆಚ್ಚುತ್ತವೆಂದೂ ಅವರಿಗೆ ಕಂಡುಬಂದಿತು. ವರ್ಷಕ್ಕೆ ಹದಿನೈದು ಬಾರಿಯ ಬದಲು ಹತ್ತು ಬಾರಿ ಕತ್ತರಿಸಿದರೆ ಒಂದು ಮಧ್ಯಮ ನಗರಕ್ಕೆ ಈ ಬಾಬಿನ ವೆಚ್ಚದಲ್ಲಿ ನೂರಕ್ಕೆ ಮೂವತ್ತಾರು ಪಾಲು ಉಳಿಯುತ್ತದೆಂದೂ ಲೆಕ್ಕಹಾಕಿದರು. ಹುಲ್ಲು ಬೆಳೆದರೆ ಉಣ್ಣಿಗಳು ಹೆಚ್ಚುತ್ತವೆಂಬುದು ಅಮೆರಿಕನ್ನರ ದೊಡ್ಡ ಅಂಜಿಕೆ. ಸ್ಪ್ರಿಂಗ್‌ಫೀಲ್ಡಿನ ಅಂಗಳಗಳಲ್ಲಿ ಹುಡುಕಿ ನೋಡಿದಾಗ ಯಾವ ಅಂತರದ ಹುಲ್ಲಿನಲ್ಲಿಯೂ ಒಂದು ಉಣ್ಣಿಯೂ ಸಿಕ್ಕಲಿಲ್ಲವೆಂದು ೨೦೧೯ರ ವರದಿ ತಿಳಿಸುತ್ತದೆ.

ಉತ್ಸಾಹಕ್ಕೂ ಒಂದು ಅಂಕೆ

ಒಳ್ಳೆಯ ಕಾರ್ಯವೆಂದು ತೋರಿದ ಮಾತ್ರಕ್ಕೆ ಹೇಳಿದ್ದನ್ನೆಲ್ಲ ನಂಬಬಾರದೆಂಬುದಕ್ಕೂ ಈ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಬ್ರಿಟನ್ನಿನ ‘ಪ್ಲಾಂಟ್‌ಲೈಫ್’ ಎಂಬ ಸಸ್ಯರಕ್ಷಣಾ ಸಂಸ್ಥೆ ೨೦೧೯ರಲ್ಲಿ, ಮೇ ತಿಂಗಳಲ್ಲಿ ಹುಲ್ಲು ಕತ್ತರಿಸದಿರಿ ಎಂಬ ಚಳವಳಿಯನ್ನು ಆರಂಭಿಸಿತು. ಮರುವರ್ಷ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಆಪಲ್‌ಟನ್ ನಗರ ಅದನ್ನು ಕೈಗೊಂಡಿತು. ನಾನೂರಕ್ಕೂ ಹೆಚ್ಚು ಮನೆಗಳು ಭಾಗವಹಿಸಿದವು. ಕತ್ತರಿಸದ ಅಂಗಳಗಳಲ್ಲಿ ಜೇನ್ನೊಣಗಳ ಸಂಖ್ಯೆ ಐದು ಪಟ್ಟು, ಜಾತಿಗಳು ಮೂರು ಪಟ್ಟು ಇದ್ದವೆಂದು ಒಂದು ಸಂಶೋಧನ ಲೇಖನವೂ ಪ್ರಕಟವಾಯಿತು. ಅನೇಕ ನಗರಗಳು ಅದನ್ನು ನೋಡಿ ತಾವೂ ಮುಂದೆ ಬಂದವು. ಆದರೆ ಆ ಲೇಖನದ ಮಾಹಿತಿಯಲ್ಲಿ ಒಂದಕ್ಕೊಂದು ಹೊಂದದ ಅಂಶಗಳಿವೆಯೆಂಬ ಆಕ್ಷೇಪಣೆ ಎದ್ದು, ೨೦೨೨ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇದರಿಂದ ಚಳವಳಿಯ ಮೂಲ ಆಶಯ ಸುಳ್ಳಾಗಲಿಲ್ಲ. ಬೇರೆ ಸಂಶೋಧನೆಗಳ ಆಧಾರ ಅದಕ್ಕೆ ಇದ್ದೇ ಇದೆ. ಆದರೆ ಐದು ಪಟ್ಟು ಎಂಬ ಆ ಅಂಕಿಯನ್ನು ಈಗಲೂ ಉದ್ಧರಿಸುವವರು ತಮ್ಮ ಪಕ್ಷಕ್ಕೆ ತಾವೇ ಕೇಡು ಮಾಡುತ್ತಾರೆ. ತನ್ನ ತಪ್ಪನ್ನು ಬಹಿರಂಗವಾಗಿ ಅಳಿಸಿಹಾಕುವುದು ವಿಜ್ಞಾನದ ದೌರ್ಬಲ್ಯವಲ್ಲ, ಅದೇ ಅದರ ಮಾನ. ಇದನ್ನು ತರಗತಿಯಲ್ಲಿ ಹೇಳಿಕೊಡುವುದು ನಮ್ಮ ಹೊಣೆ.

ಮತ್ತೊಂದು ಕಡೆಯಿಂದ ಕಾನೂನಿನ ಬಿಗಿಯೂ ಉಂಟು. ಹುಲ್ಲು ಇಷ್ಟೇ ಅಂಗುಲ ಎತ್ತರವಿರಬೇಕೆಂಬ ಕಟ್ಟಳೆ ಅಮೆರಿಕದ ಅನೇಕ ನಗರಗಳಲ್ಲಿದೆ. ಫ್ಲಾರಿಡಾ ಸಂಸ್ಥಾನದ ಡನೀಡಿನ್ ನಗರದಲ್ಲಿ ೨೦೧೮ರಲ್ಲಿ ಹುಲ್ಲು ಬೆಳೆಯಿಸಿದ್ದಕ್ಕಾಗಿ ದಿನವೊಂದಕ್ಕೆ ಐನೂರು ಡಾಲರಿನಂತೆ ದಂಡ ಏರುತ್ತ ಹೋಗಿ, ಮನೆಯೊಡೆಯನೊಬ್ಬನ ಮೇಲೆ ಸುಮಾರು ಮೂವತ್ತು ಸಾವಿರ ಡಾಲರಿನ ಹೊರೆ ಬಿದ್ದಿತು. ಇದಕ್ಕೆ ಪ್ರತಿಯಾಗಿ ಮೇರಿಲ್ಯಾಂಡ್ ಸಂಸ್ಥಾನವು ೨೦೨೧ರಲ್ಲಿ, ಜೇನ್ನೊಣ ಚಿಟ್ಟೆಗಳಿಗೆ ಅನುಕೂಲವಾದ ಅಂಗಳವನ್ನು ಬೆಳೆಸುವವರಿಗೆ ಬಡಾವಣೆಯ ಸಂಘಗಳು ಅಡ್ಡಿಮಾಡದಂತೆ ಶಾಸನವನ್ನು ರಚಿಸಿತು. ಹುಲ್ಲಿನ ಎತ್ತರದ ಹಿಂದೆ ‘ಅಚ್ಚುಕಟ್ಟು ಎಂದರೇನೆಂದು ನಿರ್ಣಯಿಸುವವರು ಯಾರು?’ ಎಂಬ ಪ್ರಶ್ನೆ ನಿಂತಿದೆ.

ಹಳೆಯ ಹುಲ್ಲುಹಾಸಿನ ತವರಾದ ಇಂಗ್ಲೆಂಡಿನಲ್ಲಿಯೇ ಒಂದು ಗಮನಾರ್ಹವಾದ ಬದಲಾವಣೆ ನಡೆಯಿತು. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದ ಹಿಂಭಾಗದಲ್ಲಿ ೧೭೭೨ರಿಂದ ಒಂದು ಹುಲ್ಲುಹಾಸು ಇದ್ದಿತು. ೨೦೧೯ರಲ್ಲಿ ಅದರ ಒಂದು ಭಾಗವನ್ನು ಕತ್ತರಿಸುವುದನ್ನು ನಿಲ್ಲಿಸಿ ಹೂಗಿಡಗಳ ಬೀಜವನ್ನು ಬಿತ್ತಲಾಯಿತು. ವರ್ಷಕ್ಕೊಮ್ಮೆ ಕೊಯ್ಲು, ೨೦೨೧ರಲ್ಲಿ ಆ ಕೊಯ್ಲಿಗೆ ಭಾರಿ ಕುದುರೆಗಳನ್ನೇ ಹೂಡಿದರು. ಉಳಿದ ಹುಲ್ಲುಹಾಸಿಗಿಂತ ಅಲ್ಲಿ ಗಿಡಗಳು, ಜೇಡಗಳು, ತಿಗಣೆಯ ವರ್ಗದ ಕೀಟಗಳು ಒಟ್ಟಿನಲ್ಲಿ ಮೂರು ಪಟ್ಟು ಜಾತಿಗಳಲ್ಲಿ ಕಂಡುಬಂದವೆಂದೂ, ಇರುಳಿನಲ್ಲಿ ಬಾವಲಿಗಳು ಮೂರು ಪಟ್ಟು ಹೆಚ್ಚಾಗಿ ಸುಳಿದವೆಂದೂ ೨೦೨೩ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಸುಮಾರು ಇನ್ನೂರೈವತ್ತು ವರ್ಷಗಳ ಅಭ್ಯಾಸವನ್ನು ಅಷ್ಟು ಪ್ರತಿಷ್ಠಿತ ವಿದ್ಯಾಸಂಸ್ಥೆಯೂ ಮರುಪರಿಶೀಲಿಸಿತೆಂಬುದು ನೆನಪಿಡತಕ್ಕ ವಿಷಯ.

ನೀಲಗಿರಿಯ ಮಾತೊಂದು

ಇವೆಲ್ಲ ಸಮುದ್ರದಾಚೆಯ ಮಾತುಗಳಾದರೂ ಆ ದೃಷ್ಟಿ ನಮ್ಮ ನೆರೆಯ ನೀಲಗಿರಿಯವರೆಗೂ ಬಂದು ತಲುಪಿದೆ. ೧೮೧೯ರಲ್ಲಿ ಬೆಟ್ಟವೇರಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವನ್ನನ ಬಳಿಕ ಆಂಗ್ಲರು ಅಲ್ಲಿ ತಮ್ಮ ನಾಡಿನ ನೋಟವನ್ನು ಕಂಡರು. ೧೮೪೮ರಲ್ಲಿ ಉದಕಮಂಡಲದ ಸಸ್ಯೋದ್ಯಾನ ಮೊ‌ದಲಾಗಿ ಇಂಗ್ಲಿಷ್ ಮಾದರಿಯ ಹುಲ್ಲುಹಾಸುಗಳು ಹಾಸಿದವು. ಬೆಟ್ಟದ ಸಹಜ ಹುಲ್ಲುಗಾವಲಿಗೆ ಮದರಾಸಿನ ಗವರ್ನರನ ಹೆಸರಿನಿಂದ ‘ವೆನ್ಲಾಕ್ ಡೌನ್ಸ್’ ಎಂದು ಕರೆದರು. ಅದೇ ಕಾಲದಲ್ಲಿ ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಬೆಟ್ಟಗಳನ್ನು ಬರಿಯ ಬಯಲೆಂದು ಬಗೆದು ಆಸ್ಟ್ರೇಲಿಯದ ನೀಲಗಿರಿಮರವನ್ನೂ ವ್ಯಾಟಲ್ ಮರವನ್ನೂ ನೆಟ್ಟರು. ಆ ಹುಲ್ಲಿನ ನಡುವೆಯೇ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರುಂಜಿ ಇದೆ. ೨೦೦೬ರಲ್ಲಿಯೂ ೨೦೧೮ರಲ್ಲಿಯೂ ಅದು ಬೆಟ್ಟವನ್ನು ನೀಲಿಗೊಳಿಸಿತು. ಹನ್ನೆರಡು ವರ್ಷ ಕಾಯಬಲ್ಲ ಹೂವಿಗೆ ವಾರದ ಲೆಕ್ಕ ಎಲ್ಲಿ ಹೊಂದೀತು? ಹುಲ್ಲನ್ನು ಬರಿಯ ಹಸಿರು ಹಾಸೆಂದು ಕಾಣುವ ಕಣ್ಣಿಗೆ ಇಂಥ ಜೀವಿಗಳು ಗೋಚರಿಸುವುದಿಲ್ಲ.

ಶಾಲೆಯ ಅಂಗಳದಲ್ಲಿ

ಉಪಾಧ್ಯಾಯ ಬಂಧುಗಳಿಗೆ ಕೊನೆಯದಾಗಿ ಒಂದು ಸೂಚನೆ. ಡಾರ್ವಿನ್ನನ ಪ್ರಯೋಗಕ್ಕೆ ಬೇಕಾದದ್ದು ನಾಲ್ಕು ಅಡಿ ನೆಲ, ಒಂದು ಕುಡುಗೋಲು, ಒಂದು ನೋಟುಪುಸ್ತಕ. ಮಳೆ ಬಿದ್ದು ಶಾಲೆಯ ಅಂಗಳ ಹಸಿರಾದಾಗ ಅಂಥ ಮೂರು ತುಣುಕುಗಳನ್ನು ಹಗ್ಗ ಕಟ್ಟಿ ಗುರುತಿಸಿರಿ. ಒಂದನ್ನು ವಾರಕ್ಕೊಮ್ಮೆ, ಒಂದನ್ನು ತಿಂಗಳಿಗೊಮ್ಮೆ, ಇನ್ನೊಂದನ್ನು ಬೀಜ ಉದುರಿದ ಮೇಲೆ ಒಮ್ಮೆ ಮಾತ್ರ ಕೊಯ್ಯಿರಿ. ಕೊಯ್ದ ಹುಲ್ಲನ್ನು ಅಲ್ಲಿಯೇ ಬಿಡದೆ ದನಕ್ಕೆ ಹಾಕಿರಿ. ಗರಿಕೆ, ತುಂಬೆ, ವಿಷ್ಣುಕ್ರಾಂತಿ, ಒಂದೆಲಗ ಎಂದು ಮಕ್ಕಳು ಹೆಸರು ಬರೆದು ಎಣಿಸಲಿ. ಯಾವ ಹೂವಿಗೆ ಯಾವ ನೊಣ ಬಂದಿತೆಂದು ಹತ್ತು ನಿಮಿಷ ಕುಳಿತು ನೋಡಲಿ. ನಮ್ಮ ನೆಲದ ಉತ್ತರ ಸ್ಪ್ರಿಂಗ್‌ಫೀಲ್ಡಿನ ಉತ್ತರವೇ ಆಗಿರಬೇಕೆಂದಿಲ್ಲ; ಇಲ್ಲಿಯ ಮಳೆ ಬೇರೆ, ಹುಲ್ಲು ಬೇರೆ, ಹುಳುಹುಪ್ಪಟೆ ಬೇರೆ. ನಮ್ಮಲ್ಲಿ ಹಾವಿನ ಭಯವೂ ನಿಜವಾದದ್ದೇ ಆದುದರಿಂದ ಬಾಗಿಲು, ಕಾಲುದಾರಿ, ಆಟದ ಬಯಲು, ಶೌಚಾಲಯದ ಸುತ್ತು ಇವನ್ನು ಮೋಟಾಗಿಯೇ ಇಡಬೇಕು. ತುಣುಕುಗಳನ್ನು ಬೇಲಿಯ ಬದಿಗೆ, ಮಕ್ಕಳು ಓಡಾಡದ ಕಡೆ ಗುರುತಿಸಿ, ಹೊರಗಿನಿಂದಲೇ ನೋಡಲು ಕಲಿಸಬೇಕು. ಕಾಂಗ್ರೆಸ್ ಗಿಡ ಕಂಡರೆ ಹೂ ಬಿಡುವ ಮೊದಲೇ ದೊಡ್ಡವರು ಕೈಚೀಲ ತೊಟ್ಟು ಕಿತ್ತುಹಾಕಬೇಕು.

ಮೂರು ತುಣುಕುಗಳ ಲೆಕ್ಕವನ್ನು ವರ್ಷವರ್ಷವೂ ಬರೆದಿಟ್ಟರೆ ಹತ್ತು ವರ್ಷಕ್ಕೆ ಅದೇ ನಮ್ಮೂರಿನ ಹುಲ್ಲಿನ ಚರಿತ್ರೆಯಾಗುತ್ತದೆ. ಅದನ್ನು ಬರೆಯುವವರು ನಮ್ಮ ಮಕ್ಕಳು; ಅದು ಕನ್ನಡದಲ್ಲಿಯೇ ಇರುತ್ತದೆ. ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕೆಂದು ಮುಂದೆ ಯಾರಾದರೂ ಕೇಳಿದಾಗ, ಬೇರೆ ನಾಡಿನ ವಾಡಿಕೆಯನ್ನು ತೋರಿಸದೆ ಆ ಪುಸ್ತಕವನ್ನೇ ತೆರೆದು ಉತ್ತರ ಹೇಳಬಹುದು.